ಮಕ್ಕಳ ಸಂತೆಯಲ್ಲಿ ಉಳಿದ 17 ಪೊಟ್ಟಣ



ಮತ್ತೆ ಫೇಸ್‌ಬುಕ್ ತುಂಬಾ ‘ಮಕ್ಕಳ ಸಂತೆ’ ಫೋಟೊಗಳು ಶುರುವಾಗಿವೆ. ಶಾಲೆ ಅಂಗಳದಲ್ಲಿ ಸೊಪ್ಪು, ನಿಂಬೆಹಣ್ಣು, ತೆಂಗಿನಕಾಯಿ, ಬಜ್ಜಿ ಇಟ್ಕೊಂಡು ಕೂತ ಪುಟ್ಟ ವ್ಯಾಪಾರಿಗಳು. ತೂಗೋದು, ಚಿಲ್ಲರೆ ಎಣಿಸೋದು, ಲಾಭ ನಷ್ಟ ಎಲ್ಲಾ ಕೈಯಾರೆ ಮಾಡಿ ಕಲೀತಾರೆ. ಒಳ್ಳೆಯದೇ. ಪುಸ್ತಕದಲ್ಲಿ ನಾಣ್ಯದ ಚಿತ್ರ ನೋಡಿ ಲೆಕ್ಕ ಕಲಿತ ನನ್ನಂಥ ಗುಮಾಸ್ತನಿಗೆ ಇದರ ಬೆಲೆ ಗೊತ್ತು. ಸಂತೆ ಬೇಡ ಅಂತ ನಾನು ಹೇಳ್ತಿಲ್ಲ.

ಹೋದ ವರ್ಷ ನನ್ನ ತಂಗಿ ಮಗಳು ಮೂರನೇ ಕ್ಲಾಸು. ತುಂಡು ಜಮೀನಿಲ್ಲದವರು, ಸೊಪ್ಪು ಎಲ್ಲಿಂದ ತರೋದು? ತಂಗಿ ಅರ್ಧ ಕೇಜಿ ಕಡ್ಲೆಕಾಳು ಉಸ್ಲಿ ಮಾಡಿ ಕಳಿಸಿದ್ಲು. ಪೊಟ್ಟಣಕ್ಕೆ 5 ರೂಪಾಯಿ. 20ರಲ್ಲಿ ಹೋಗಿದ್ದು ಮೂರು. ಎರಡು ನಮ್ಮ ಕೇರಿ ಮಕ್ಕಳೇ ತಗೊಂಡವು, ಒಂದು ಮೇಷ್ಟ್ರು. ಅವರೂ ತಿನ್ನಲಿಲ್ಲ, ಬ್ಯಾಗಿಗೆ ಹಾಕ್ಕೊಂಡ್ರು. ಪಕ್ಕದ ಹುಡುಗನ ಬಜ್ಜಿ ಅರ್ಧ ಗಂಟೇಲಿ ಖಾಲಿ. ನಮಗೆ ಅಸಲೂ ಹುಟ್ಟಲಿಲ್ಲ. "ಮಾವ, ರೇಟ್ ಜಾಸ್ತಿ ಆಯ್ತಾ?" ಅಂತ ಕೇಳಿದ್ಲು ಮಗು. ಏನು ಹೇಳಲಿ?

ವಿಚಾರಿಸೋಕೆ ಹೋದ್ರೆ ಶಾಲೆಯವರ ಪರಿಹಾರ ನೋಡಿ: "ಮುಂದಿನ ಸಲ ಬಿಸ್ಕತ್ತು, ಚಿಪ್ಸ್ ಪ್ಯಾಕೆಟ್ ಕಳಿಸಿ ಸಾರ್, ಹೋಗ್ತವೆ." ಅಂದ್ರೆ ಫ್ಯಾಕ್ಟರಿ ಮಾಲಿಗೆ ಜಾತಿ ಇಲ್ಲ, ನನ್ನ ತಂಗಿ ಕೈಗೆ ಇದೆ! ಇಷ್ಟು ನಯವಾಗಿ ಹೇಳೋದನ್ನ ಎಲ್ಲಿ ಕಲಿತರೋ.

ರೂಪಾಯಿ ಯಾರ ಕೈಯಲ್ಲಿದ್ರೂ ರೂಪಾಯಿನೇ ಅಂತ ಪಾಠ ಹೇಳ್ತಾರೆ. ನಮ್ಮಜ್ಜಿಗೆ ಅಂಗಡಿಯವನು ಚಿಲ್ಲರೆಯನ್ನ ಕೈ ಸೋಕದ ಹಾಗೆ ಮೇಲಿಂದ ಬಿಡ್ತಿದ್ದ. ನೆಲಕ್ಕೆ ಬಿದ್ದಿದ್ದನ್ನ ಆಕೆ ಬಗ್ಗಿ ಆರಿಸ್ಕೋತಿದ್ಲು. ಅದೇ ರೂಪಾಯಿಯ ಸಮಸ್ಯೆ ಬಗ್ಗೆ 1923ರಲ್ಲಿ ಪುಸ್ತಕ ಬರೆದ ಬಾಬಾಸಾಹೇಬರ ಫೋಟೊ ಆ ಶಾಲೆ ಗೋಡೆ ಮೇಲಿದೆ. ಸಂವಿಧಾನದ 15(2)ನೇ ವಿಧಿ ಅಂಗಡಿಯನ್ನ ಹೆಸರು ಹಿಡಿದು ಹೇಳುತ್ತೆ. ಯಾಕೆ ಅಂತ ಮೇಷ್ಟ್ರುಗಳು ಯೋಚನೆ ಮಾಡಲಿ.

ಮಾಡೋದೇ ಆದ್ರೆ ಹೀಗೆ ಮಾಡಿ. ಮಾಲು ಶಾಲೆ ದುಡ್ಡಲ್ಲೇ ಬರಲಿ, ಹೊಲ ಇದ್ದವನ ಮಗನೇ ವ್ಯಾಪಾರಿ ಆಗೋದು ತಪ್ಪುತ್ತೆ. ಒಂದೊಂದು ಅಂಗಡಿಗೂ ಬೇರೆ ಬೇರೆ ಕೇರಿಯ ಮಕ್ಕಳನ್ನ ಜೊತೆ ಕೂರಿಸಿ. ಚಿಲ್ಲರೆ ಕೈಯಿಂದ ಕೈಗೇ ಕೊಡಿಸಿ. ಮೇಷ್ಟ್ರು ಕೊಂಡಿದ್ದನ್ನ ಮಕ್ಕಳ ಮುಂದೇನೇ ತಿನ್ನಲಿ.

ಈ ವರ್ಷದ ಸಂತೆಗೆ ಆಫೀಸಿಗೆ ಅರ್ಧ ದಿನ ರಜೆ ಹಾಕಿ ನಾನೂ ಹೋಗ್ತಿದೀನಿ. ಅವಳು ಮತ್ತೆ ಉಸ್ಲಿನೇ ತರ್ತಾಳಂತೆ.