ಕಣ್ಣು ಕಟ್ಟಿ ಓದುವ ವಿದ್ಯೆ

ಮಕ್ಕಳಿಗೆ ವಿದ್ಯೆಯು ಬೇಗನೆ ಒಲಿಯಲೆಂಬ ಆಸೆ ಯಾವ ತಾಯಿತಂದೆಗಳಿಗಿಲ್ಲ? ಆಸೆಯು ತಪ್ಪೆಂದು ನಾವು ಹೇಳುವವರಲ್ಲ. ಆದರೆ ಎಲ್ಲಿ ಆಸೆಯುಂಟೋ ಅಲ್ಲಿ ಆ ಆಸೆಯನ್ನೇ ಬಂಡವಾಳ ಮಾಡಿಕೊಂಡ ಅಂಗಡಿಯೂ ಹುಟ್ಟಿಕೊಳ್ಳುವುದು ಲೋಕರೂಢಿ. ಇಂತಹದೊಂದು ಅಂಗಡಿಯು ಕೆಲವು ವರ್ಷಗಳ ಕೆಳಗೆ ಪರದೇಶದಿಂದ ಬಂದು ನಮ್ಮ ನಾಡಿನ ಪಟ್ಟಣಗಳಲ್ಲಿ ಬೇರೂರಿತು. ಅದರ ಹೆಸರು 'ಮಿಡ್‌ಬ್ರೇನ್ ಆಕ್ಟಿವೇಶನ್', ಎಂದರೆ ಮಧ್ಯಮಿದುಳನ್ನು ಎಚ್ಚರಿಸುವ ವಿದ್ಯೆ. ಐದರಿಂದ ಹದಿನೈದು ವರ್ಷದೊಳಗಿನ ಮಕ್ಕಳನ್ನು ಎರಡು ದಿನ ಒಂದು ಕೋಣೆಯಲ್ಲಿ ಕೂಡಿಸಿ, ವಾದ್ಯವನ್ನು ಕೇಳಿಸಿ, ಕುಣಿಸಿ, ಮಲಗಿಸಿ, ಕೊನೆಗೆ ಕಣ್ಣಿಗೆ ಕಪ್ಪು ಪಟ್ಟಿಯನ್ನು ಕಟ್ಟುವರು. ತಾಯಿತಂದೆಗಳ ಎದುರಿಗೆ ಆ ಮಗು ಚೀಟಿಯ ಬಣ್ಣವನ್ನು ಹೇಳುವುದು, ನೋಟಿನ ಮೇಲಿನ ಅಂಕಿಗಳನ್ನು ಓದುವುದು. ನೆರೆದವರು ಬೆರಗಾಗುವರು. ಇದಕ್ಕೆ ಸಲ್ಲಿಸಬೇಕಾದ ಕಾಣಿಕೆಯು ಹಲವು ಸಾವಿರ ರೂಪಾಯಿ. ಇನ್ನು ಮುಂದೆ ಮಗುವಿನ ನೆನಪು ಹೆಚ್ಚುವುದು, ಅಂಕಗಳು ಏರುವುವು, ಮಗುವು ಮೇಧಾವಿಯಾಗುವುದೆಂಬುದು ಆ ಶಿಬಿರದವರು ಕೊಡುವ ಮಾತು.

ಈ ಮಾತನ್ನು ಮನೆವಾರ್ತೆಯ ತಕ್ಕಡಿಯಲ್ಲಿಟ್ಟು ತೂಗಿ ನೋಡುವುದು ಈ ತಿಂಗಳ ನಮ್ಮ ಉದ್ದೇಶ.

ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಕೃಷ್ಣೆಯ ದಡದಲ್ಲಿ ಕೊಲ್ಹಾರವೆಂಬ ಊರುಂಟು. ಅಲ್ಲಿಯ ಗಟ್ಟಿಮೊಸರಿನ ಹೆಸರನ್ನು ಕೇಳದವರು ನಮ್ಮ ಸೀಮೆಯಲ್ಲಿ ವಿರಳ. ಹಾದುಹೋಗುವ ಪ್ರಯಾಣಿಕನು ಅಲ್ಲಿ ಇಳಿದು ಮೊಸರನ್ನು ಕೊಳ್ಳುವಾಗ ಏನು ಮಾಡುವನು? ಗಡಿಗೆಯನ್ನು ಓರೆಮಾಡಿ ನೋಡುವನು; ಹುಳಿಯೋ ಸಿಹಿಯೋ ಎಂದು ಕೇಳುವನು; ಮನಸ್ಸಿಗೆ ಬಾರದಿದ್ದರೆ ಮುಂದಿನ ಗಡಿಗೆಗೆ ಹೋಗುವನು. ಕೆಲವೇ ರೂಪಾಯಿಯ ಮೊಸರಿನಲ್ಲಿ ಇಷ್ಟು ಜಾಣತನವನ್ನು ತೋರುವ ಗೃಹಸ್ಥನೇ ಸಾವಿರಾರು ರೂಪಾಯಿಯ ವಿದ್ಯೆಯನ್ನು ಕೊಳ್ಳುವಾಗ ಗಡಿಗೆಯ ಬಾಯಿಯನ್ನು ಸಹ ತೆರೆದು ನೋಡುವುದಿಲ್ಲವೆಂದರೆ ಆಶ್ಚರ್ಯವಲ್ಲವೆ? ಆಲಮಟ್ಟಿಯ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಊರನ್ನು ಬಿಟ್ಟುಕೊಟ್ಟು ಹೊಸ ಊರನ್ನು ಕಟ್ಟಿಕೊಂಡ ಜನರು ಕೊಲ್ಹಾರದವರು. ಪರಿಹಾರವೆಂದು ಒಮ್ಮೆಗೇ ಕೈಗೆ ಬಂದ ಹಣವು ಎಷ್ಟು ಬೇಗನೆ ಕರಗಬಲ್ಲದೆಂಬುದನ್ನು ಆ ಸೀಮೆಯ ಮನೆತನಗಳಿಗೆ ಬೇರೆಯವರು ಹೇಳಿಕೊಡಬೇಕಾದುದಿಲ್ಲ. ಹಣವಿದ್ದ ಕಡೆಗೆ ಹಣವನ್ನು ಬಯಸುವವರು ಬಂದೇ ಬರುವರು. ಆದುದರಿಂದ ಈ ಗಡಿಗೆಯನ್ನು ಒಮ್ಮೆ ಓರೆಮಾಡಿ ನೋಡೋಣ.

ಮೊದಲನೆಯದಾಗಿ, ಮಧ್ಯಮಿದುಳೆಂದರೇನು? ಅದು ಮಿದುಳಿನ ಬುಡದಲ್ಲಿ, ಬೆನ್ನುಹುರಿಯ ಕಡೆಗೆ ಇಳಿಯುವ ಕಾಂಡದ ತುದಿಯಲ್ಲಿ, ಸುಮಾರು 2 ಸೆಂಟಿಮೀಟರಿನಷ್ಟು ಉದ್ದವಾಗಿರುವ ಒಂದು ಭಾಗ. ಕಣ್ಣುಗುಡ್ಡೆಗಳನ್ನು ಹೊರಳಿಸುವುದು, ಬೆಳಕಿಗೆ ತಕ್ಕಂತೆ ಪಾಪೆಯನ್ನು ಕಿರಿದುಮಾಡುವುದು, ಸದ್ದಾದ ಕಡೆಗೆ ತಲೆಯನ್ನು ತಿರುಗಿಸುವುದು, ನಮ್ಮನ್ನು ಎಚ್ಚರವಾಗಿಡುವುದು ಮೊದಲಾದ ಕೆಲಸಗಳಲ್ಲಿ ಅದರ ಪಾಲುಂಟು. ಅದರೊಳಗಿನ ಒಂದು ಬಗೆಯ ಕಣಗಳು ನಶಿಸಿದರೆ ಮುಪ್ಪಿನಲ್ಲಿ ಕೈ ನಡುಗುವ ಪಾರ್ಕಿನ್ಸನ್ ರೋಗವು ತಲೆದೋರುವುದು. ಇಂತಹ ಭಾಗವು ಮಗುವಿನಲ್ಲಿ ನಿದ್ರಿಸುತ್ತಿದ್ದರೆ ಆ ಮಗುವು ಶಿಬಿರಕ್ಕೆ ನಡೆದು ಬರುವುದು ಹೇಗೆ? ಅದು ಹಾಸಿಗೆಯಿಂದ ಏಳುವುದೇ ಇಲ್ಲ. ಎದ್ದು ಓಡಾಡುವ ಪ್ರತಿಯೊಂದು ಮಗುವಿನ ಮಧ್ಯಮಿದುಳೂ ಹುಟ್ಟಿದಂದಿನಿಂದ ಎಚ್ಚರವಾಗಿಯೇ ಇರುವುದು. ಅದನ್ನು ಎಚ್ಚರಿಸಲು ಯಾರೂ ಹಣ ಕೊಡಬೇಕಾಗಿಲ್ಲ.

ಹಾಗಾದರೆ ಕಣ್ಣು ಕಟ್ಟಿದ ಮಗು ಓದುವುದು ಸುಳ್ಳೆ? ಓದುವುದು ನಿಜ, ಆದರೆ ಕಣ್ಣಿನಿಂದಲೇ ಓದುವುದು. ವಾಚಕರು ಈ ಕ್ಷಣವೇ ಒಂದು ವಸ್ತ್ರವನ್ನು ಕಣ್ಣಿಗೆ ಕಟ್ಟಿಕೊಂಡು ನೋಡಬಹುದು. ಮೂಗಿನ ಎರಡು ಪಕ್ಕಗಳಲ್ಲಿ ವಸ್ತ್ರವು ಚರ್ಮಕ್ಕೆ ಅಂಟದೆ ಒಂದು ಸಣ್ಣ ಸಂದು ಉಳಿಯುವುದು. ಆ ಸಂದಿನಿಂದ ಕೆಳಗಿನ ವಸ್ತುಗಳು ಚೆನ್ನಾಗಿ ಕಾಣಿಸುವುವು. ಆದುದರಿಂದಲೇ ಆ ಮಕ್ಕಳು ಚೀಟಿಯನ್ನು ಎದೆಯ ಕೆಳಗೆ ಹಿಡಿಯುವರು, ಗದ್ದವನ್ನು ಎತ್ತುವರು, ತಲೆಯನ್ನು ಅತ್ತಿತ್ತ ವಾಲಿಸುವರು. ಚೀಟಿಯನ್ನು ಮುಖದ ನೇರಕ್ಕೆ ಹಿಡಿದರೆ ಓದಲಾರರು. ಗದ್ದದ ಕೆಳಗೆ ಒಂದು ರಟ್ಟನ್ನು ಅಡ್ಡಹಿಡಿದರೆ, ಅಥವಾ ಈಜುವವರು ಹಾಕಿಕೊಳ್ಳುವ ಬಿಗಿಯಾದ ಕನ್ನಡಕಕ್ಕೆ ಕಪ್ಪು ಬಣ್ಣ ಬಳಿದು ಹಾಕಿದರೆ, ವಿದ್ಯೆಯು ಅಲ್ಲಿಗೇ ನಿಂತುಹೋಗುವುದು. ಕತ್ತಲೆಯ ಕೋಣೆಯಲ್ಲಿಯೂ ಅದು ನಡೆಯದು. ಕಣ್ಣಿನ ನೆರವಿಲ್ಲದೆ ಕಾಣುವವನಿಗೆ ದೀಪದ ಹಂಗೇಕೆ?

ಈ ಆಟವು ಹೊಸದೂ ಅಲ್ಲ. ಕಾಶ್ಮೀರದಲ್ಲಿ ಹುಟ್ಟಿದ ಕುದಾ ಬಕ್ಷ್ ಎಂಬ ಪ್ರಸಿದ್ಧ ಇಂದ್ರಜಾಲಗಾರನು 1930ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ, ಕಣ್ಣಿನ ಮೇಲೆ ಕಣಕವನ್ನು ಮೆತ್ತಿಸಿಕೊಂಡು, ಅದರ ಮೇಲೆ ಪಟ್ಟಿಗಳನ್ನು ಸುತ್ತಿಸಿಕೊಂಡು ಪುಸ್ತಕವನ್ನು ಓದಿ ತೋರಿಸುತ್ತಿದ್ದನು. ಆತನು ಅದನ್ನು ರಂಗದ ಮೇಲೆ ಮಾಡಿದನು. ನೋಡಿದವರು ಟಿಕೀಟಿನ ಹಣಕ್ಕೆ ವಿನೋದವನ್ನು ಪಡೆದು ಮನೆಗೆ ಹೋದರು. ಇಳಿವಯಸ್ಸಿನಲ್ಲಿ ಗ್ಲಾಕೋಮಾ ಎಂಬ ನೇತ್ರರೋಗದಿಂದ ಆತನ ದೃಷ್ಟಿಯು ಕ್ರಮವಾಗಿ ಕುಂದಿತೆಂಬುದನ್ನು ಮರೆಯಬಾರದು. ಕಣ್ಣಿಲ್ಲದೆ ಕಾಣುವ ಶಕ್ತಿಯೊಂದಿದ್ದಿದ್ದರೆ ಆ ಕಾಲಕ್ಕಲ್ಲದೆ ಮತ್ತಾವಾಗ ಅದು ನೆರವಾಗಬೇಕಾಗಿತ್ತು?

ನಮ್ಮ ನಾಡಿನಲ್ಲಿ ಇಂತಹ ಮಾತುಗಳನ್ನು ಪರೀಕ್ಷಿಸಿ ನೋಡಬೇಕೆಂಬ ಪರಂಪರೆಯೂ ಉಂಟು. ಭೌತಶಾಸ್ತ್ರದ ಅಧ್ಯಾಪಕರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವುದಕ್ಕಾಗಿ ಒಂದು ಸಮಿತಿಯನ್ನು ಏರ್ಪಡಿಸಿದರು. ಕಂಡುದನ್ನು ಒಪ್ಪಿಕೊಳ್ಳುವ ಮೊದಲು ಪ್ರಶ್ನಿಸಬೇಕೆಂಬುದು ಅವರು ಜೀವಮಾನವೆಲ್ಲ ಸಾರಿದ ಮಾತು. ಮಂಗಳೂರಿನ ನರೇಂದ್ರ ನಾಯಕರು ಈ ಕಣ್ಣುಪಟ್ಟಿಯ ಪ್ರದರ್ಶನಗಳ ಒಳಗುಟ್ಟನ್ನು ಸಭೆಗಳಲ್ಲಿ ಬಯಲಿಗಿಟ್ಟು, ಸರಿಯಾದ ಕಟ್ಟುಪಾಡಿನೊಳಗೆ ಓದಿ ತೋರಿಸಿದವರಿಗೆ ಬಹುಮಾನವನ್ನು ಕೊಡುವುದಾಗಿ ಸವಾಲು ಹಾಕಿದರು. ವಿದ್ಯೆಯು ನಿಜವಾಗಿದ್ದರೆ ಪರೀಕ್ಷೆಗೆ ಅಂಜುವ ಕಾರಣವಿಲ್ಲ.

ಹಣವು ಹೋದರೆ ಹೋಗಲಿ, ಮಗುವಿಗೆ ಧೈರ್ಯವಾದರೂ ಬರಲಿಲ್ಲವೆ ಎನ್ನುವವರುಂಟು. ಇಲ್ಲಿಯೇ ನಮಗೆ ಎಲ್ಲಕ್ಕಿಂತ ಹೆಚ್ಚಿನ ವ್ಯಥೆ. ಆ ಎರಡು ದಿನಗಳಲ್ಲಿ ಮಗುವು ನಿಜವಾಗಿ ಕಲಿತುದೇನೆಂದು ವಿಚಾರಿಸಿರಿ. ಪಟ್ಟಿಯ ಸಂದಿನಿಂದ ತನಗೆ ಕಾಣುತ್ತಿದೆಯೆಂಬುದು ಮಗುವಿಗೆ ಗೊತ್ತು. ಪಕ್ಕದ ಮಗುವು ಹೇಳಿ ಚಪ್ಪಾಳೆಯನ್ನು ಪಡೆಯಿತು. ತಾನು ಹೇಳದಿದ್ದರೆ ತಂದೆಯ ಮುಖ ಬಾಡುವುದು, ಕಟ್ಟಿದ ಹಣ ವ್ಯರ್ಥವಾಯಿತೆಂದು ತಾಯಿ ನೊಂದುಕೊಳ್ಳುವಳು. ಹೀಗಿರಲು ಅದು ಇಣಿಕಿ ನೋಡಿ, ನೋಡಲಿಲ್ಲವೆಂದು ಹೇಳುವುದು. ಮನೆಯವರೆಲ್ಲ ಅಪ್ಪಿ ಮುದ್ದಾಡುವರು. ನಂಟರು ಬಂದಾಗಲೆಲ್ಲ ಮತ್ತೆ ಕಣ್ಣು ಕಟ್ಟಿಸಿ ಓದಿಸುವರು. ಸುಳ್ಳು ಹೇಳಬೇಡವೆಂದು ತೊಟ್ಟಿಲಿನಿಂದಲೂ ಕಲಿಸಿದ ಮನೆಯೇ ಆ ದಿನ ಸುಳ್ಳಿಗೆ ಬಹುಮಾನವನ್ನು ಕೊಟ್ಟಂತಾಯಿತು. ನಿಜವನ್ನಾಡಿ ಸುಮ್ಮನೆ ನಿಂತ ಮಗುವಾದರೋ ಮಂದಬುದ್ಧಿಯದೆಂಬ ಹೆಸರನ್ನು ಹೊತ್ತು ಮನೆಗೆ ಬರುವುದು. ಈ ನಷ್ಟವನ್ನು ಯಾವ ರಸೀತಿಯಲ್ಲಿಯೂ ಬರೆದಿರುವುದಿಲ್ಲ.

ದೊಡ್ಡವರಿಗಾಗಿ ನಡೆಯುವ ಶಿಬಿರಗಳ ರೀತಿಯೂ ಬೇರೆಯಲ್ಲ. ಮನುಷ್ಯನು ತನ್ನ ಮಿದುಳಿನ ಹತ್ತರಲ್ಲೊಂದು ಪಾಲನ್ನು ಮಾತ್ರ ಬಳಸುವನು, ಉಳಿದ ಒಂಬತ್ತು ಪಾಲನ್ನು ನಾವು ತೆರೆಯಿಸುವೆವು ಎಂಬುದು ಅಲ್ಲಿ ನಿತ್ಯ ಕೇಳಿಬರುವ ಮಾತು. ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2ರಷ್ಟಿರುವ ಮಿದುಳು ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ನೂರಕ್ಕೆ 20ರಷ್ಟನ್ನು ತಾನೇ ತೆಗೆದುಕೊಳ್ಳುವುದು. ಒಂಬತ್ತು ಕೋಣೆಗಳಿಗೆ ಬೀಗ ಹಾಕಿ ಒಂದೇ ಕೋಣೆಯಲ್ಲಿ ವಾಸಿಸುವವನು ಇಡೀ ಮನೆಗೆ ಬಾಡಿಗೆಯನ್ನು ಕೊಡುವನೆ? ಮಿದುಳಿನ ಯಾವ ಮೂಲೆಗೆ ಪೆಟ್ಟುಬಿದ್ದರೂ ಏನಾದರೊಂದು ಊನವು ತೋರುವುದೇ ಹೆಚ್ಚು. ಇನ್ನು 'ಕ್ವಾಂಟಂ' ಎಂಬ ಶಬ್ದವು ಅಣುಗಳ ಲೋಕದ ಶಾಸ್ತ್ರಕ್ಕೆ ಸಂಬಂಧಿಸಿದುದು. ಮನಸ್ಸಿನಲ್ಲಿ ಹಣವನ್ನು ನೆನೆದರೆ ಹಣವು ಬರುವುದೆಂದು ಆ ಶಾಸ್ತ್ರವು ಎಲ್ಲಿಯೂ ಹೇಳಿಲ್ಲ.

ಶಿಬಿರದ ಕೊನೆಗೆ ಕೆಂಡದ ಮೇಲೆ ನಡೆಸಿ, 'ಇನ್ನು ನಿಮಗೆ ಅಸಾಧ್ಯವಾದುದಿಲ್ಲ' ಎಂದು ಹೇಳಿ ಕಳುಹುವವರೂ ಇರುವರು. ನಮ್ಮ ಸೀಮೆಯ ವಾಚಕರಿಗೆ ಇದರಲ್ಲಿ ನಗು ಬರಬೇಕು. ವೀರಭದ್ರದೇವರ ಜಾತ್ರೆಯಲ್ಲಿಯೂ ಮೊಹರಮ್ಮಿನಲ್ಲಿಯೂ ನಮ್ಮ ಹಳ್ಳಿಗಳ ಜನರು ಕಾಸು ಖರ್ಚಿಲ್ಲದೆ ಅಗ್ಗಿಯನ್ನು ಹಾಯ್ದು, ಮರುದಿನ ಎಂದಿನಂತೆ ಹೊಲಕ್ಕೆ ಹೋಗುವರು. 1935ರಲ್ಲಿ ಮೇಲೆ ಹೇಳಿದ ಕುದಾ ಬಕ್ಷನೇ ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ ವಿದ್ವಾಂಸರ ಎದುರಿಗೆ ಕೆಂಡದ ಮೇಲೆ ನಡೆದನು. ಆಮೇಲೆ ಯಾವ ಸಾಧನೆಯೂ ಇಲ್ಲದ ಆಂಗ್ಲರು ಸಹ ನಡೆದು ನೋಡಿದರು. ಕಟ್ಟಿಗೆಯ ಕೆಂಡವು ತನ್ನ ಬಿಸಿಯನ್ನು ನಿಧಾನವಾಗಿ ಬಿಟ್ಟುಕೊಡುವುದು. ಹೆಜ್ಜೆಯು ಅದರ ಮೇಲೆ ನಿಲ್ಲುವುದು ಕ್ಷಣಮಾತ್ರ. ಆದುದರಿಂದ ಅಂಗಾಲು ಸುಡುವುದಿಲ್ಲ. ಅದೇ ಬಿಸಿಯ ಕಬ್ಬಿಣದ ಹಾಳೆಯ ಮೇಲಾದರೆ ಯಾವ ಆತ್ಮವಿಶ್ವಾಸವೂ ಕಾಯಲಾರದು. ನಿಧಾನಿಸಿದವರಿಗೆ ಕೆಂಡದ ಮೇಲೆಯೂ ಬೊಕ್ಕೆ ಏಳುವುದುಂಟು.

ಇಷ್ಟಾದರೂ ಲಾಭವಾಯಿತೆಂದು ಪ್ರಾಮಾಣಿಕರಾದ ಜನರೇ ಸಾಕ್ಷಿ ನುಡಿಯುವರಲ್ಲ ಎಂದು ಕೇಳಬಹುದು. ಅವರು ಸುಳ್ಳು ಹೇಳುತ್ತಿರುವರೆಂದು ನಮ್ಮ ಅಭಿಪ್ರಾಯವಲ್ಲ. ಸಾವಿರ ಜನರ ನಡುವೆ ವಾದ್ಯ, ಚಪ್ಪಾಳೆ, ಅಪ್ಪುಗೆಗಳ ಗದ್ದಲದಲ್ಲಿ ಮೂರು ದಿನ ಕಳೆದವನಿಗೆ ಉತ್ಸಾಹವು ಹುಟ್ಟುವುದು ಸಹಜ. ಜಾತ್ರೆಯಿಂದ ಬಂದವನಿಗೂ ಅದು ಕೆಲವು ದಿನ ಇರುವುದು. ಒಂದು ಪರೀಕ್ಷೆಯಲ್ಲಿ ಬಹಳ ಹಿಂದೆ ಬಿದ್ದ ಹುಡುಗನು ಏನನ್ನೂ ಮಾಡದಿದ್ದರೂ ಮುಂದಿನದರಲ್ಲಿ ತುಸು ಮೇಲೇಳುವುದು ವಾಡಿಕೆ. ನಡುವೆ ಶಿಬಿರವಾಗಿದ್ದರೆ ಕೀರ್ತಿಯು ಶಿಬಿರಕ್ಕೆ ಸಲ್ಲುವುದು. ಇದಲ್ಲದೆ, ಹೆಚ್ಚು ಬೆಲೆಯನ್ನು ಕೊಟ್ಟು ಕೊಂಡುದನ್ನು ನಿಷ್ಪ್ರಯೋಜಕವೆಂದು ಹೇಳಲು ಯಾರ ಬಾಯಿಯೂ ಬೇಗನೆ ತೆರೆಯದು.

ಕಣ್ಣಿಲ್ಲದವರಿಗೆ ವಿದ್ಯೆಯು ಬರುವ ಬಗೆಯನ್ನು ನೋಡಬೇಕಾದರೆ ನಾವು ದೂರ ಹೋಗಬೇಕಾಗಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋದರೆ ಸಾಕು. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾಗುವವರೆಗೆ ಅಲ್ಲಿ ಅಂಧ ಬಾಲಕರಿಗೆ ಸಂಗೀತವನ್ನು ಕಲಿಸಿದರು. ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ಮುಂದುವರಿಸಿ, ಕನ್ನಡ ಹಿಂದಿ ಸಂಸ್ಕೃತಗಳಲ್ಲಿ ಗ್ರಂಥಗಳನ್ನು ರಚಿಸಿದರು. ಎರಡು ದಿನದಲ್ಲಿ ಅವರು ಯಾರನ್ನೂ ಗಾಯಕನನ್ನಾಗಿ ಮಾಡಲಿಲ್ಲ. ಗುರು ಎದುರಿಗೆ ಕುಳಿತು ಸ್ವರವನ್ನು ನೂರು ಸಲ ತಿದ್ದಿದರು. ಶಿಷ್ಯನು ಸಾವಿರ ಸಲ ಹಾಡಿದನು. ಮಿಡ್‌ಬ್ರೇನಿನ ವಿದ್ಯೆಯು ನಿಜವಾಗಿದ್ದರೆ ಅದು ಮೊದಲು ಸಲ್ಲಬೇಕಾದುದು ಇಂತಹ ಅಂಧ ಮಕ್ಕಳಿಗೆ. ಅವರನ್ನು ಬಿಟ್ಟು, ಕಣ್ಣುಳ್ಳ ಮಕ್ಕಳ ಕಣ್ಣನ್ನು ಕಟ್ಟುವುದೇಕೆಂಬ ಒಂದೇ ಪ್ರಶ್ನೆಗೆ ಆ ವ್ಯಾಪಾರವು ಉತ್ತರವನ್ನು ಕೊಡಲಾರದು.

ಎಲ್ಲ ಶಿಕ್ಷಣ ಶಿಬಿರಗಳೂ ವಂಚನೆಯೆಂದು ನಾವು ಹೇಳುವುದಿಲ್ಲ. ಮಾತನಾಡುವ ರೀತಿಯನ್ನೋ, ಲೆಕ್ಕ ಬರೆಯುವುದನ್ನೋ, ಹೊಲಿಗೆಯನ್ನೋ ಕಲಿಸಿ ನ್ಯಾಯವಾದ ಹಣವನ್ನು ಪಡೆಯುವವರುಂಟು. ಅವರ ಲಕ್ಷಣವೇನೆಂದರೆ, ಕಲಿಸುವುದು ಇಂತಹುದೆಂದು ಮೊದಲೇ ಹೇಳುವರು. ಕಲಿತುದನ್ನು ಬೇರೆಯವರು ಪರೀಕ್ಷಿಸಬಹುದು. ಫಲವು ಬಾರದಿದ್ದರೆ 'ನಿಮ್ಮ ನಂಬಿಕೆ ಸಾಲದು' ಎಂದು ದೋಷವನ್ನು ಶಿಷ್ಯನ ಮೇಲೆ ಹೊರಿಸುವುದಿಲ್ಲ. ಇನ್ನಿಬ್ಬರನ್ನು ಕರೆತಂದರೆ ಹಣದಲ್ಲಿ ಸೋಡಿಯೆಂದು ಆಸೆ ತೋರಿಸುವುದಿಲ್ಲ. ಹಣವನ್ನು ಕೊಡುವ ಮೊದಲು ಮನೆಯ ಹಿರಿಯರು ಈ ನಾಲ್ಕನ್ನು ವಿಚಾರಿಸತಕ್ಕದ್ದು. ಬೇಕಾದರೆ ಬರೆದುಕೊಡಿರೆಂದು ಕೇಳತಕ್ಕದ್ದು.

ಈಗಾಗಲೇ ಹಣವನ್ನು ಕೊಟ್ಟವರೂ ನಾಚಿ ಸುಮ್ಮನಿರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ತಪ್ಪುದಾರಿಗೆಳೆಯುವ ಜಾಹೀರಾತಿನ ವಿಷಯದಲ್ಲಿ ದೂರು ಕೊಡಬಹುದು. ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗಾಗಿ ಅರ್ಜಿಯನ್ನು ಸಲ್ಲಿಸಬೇಕು. ಕೊಟ್ಟ ಹಣವು 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಅರ್ಜಿಗೆ ಶುಲ್ಕವಿಲ್ಲ. ರಸೀತಿಯನ್ನೂ ಕರಪತ್ರವನ್ನೂ ಮೊಬೈಲಿಗೆ ಬಂದ ಸಂದೇಶಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಲಹೆಯು ದೊರೆಯುವುದು.

ಇನ್ನು ಮಗುವಿನ ವಿದ್ಯೆಯ ಮಾತು. ಓದಿದುದು ಒಂದೆರಡು ದಿನಗಳಲ್ಲಿಯೇ ಬಹುಮಟ್ಟಿಗೆ ಮರೆತುಹೋಗುವುದೆಂಬುದನ್ನೂ, ನಡುನಡುವೆ ಬಿಡುವುಕೊಟ್ಟು ಮತ್ತೆ ಮತ್ತೆ ನೆನೆದರೆ ಉಳಿಯುವುದೆಂಬುದನ್ನೂ ಎಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತನು 1885ರಲ್ಲಿಯೇ ತನ್ನ ಮೇಲೆ ಪ್ರಯೋಗ ಮಾಡಿ ತೋರಿಸಿದನು. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿಯನ್ನು ಒಪ್ಪಿಸಿಕೊಳ್ಳುತ್ತಿದ್ದ ನಮ್ಮ ಅಜ್ಜಂದಿರು ಅದನ್ನೇ ಮಾಡುತ್ತಿದ್ದರು. ಪುಸ್ತಕವನ್ನು ಮುಚ್ಚಿಸಿ ದಿನಕ್ಕೆ ಕಾಲು ಗಂಟೆ ಪ್ರಶ್ನೆ ಕೇಳುವುದು, ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿಸುವುದು, ಹೊಟ್ಟೆತುಂಬ ಉಣಿಸಿ ಶಾಲೆಗೆ ಕಳುಹುವುದು, ಇವಕ್ಕೆ ಹಣ ಬೇಕಾಗಿಲ್ಲ. ಹಾಲಿಗೆ ಹೆಪ್ಪನ್ನು ಹಾಕಿದ ಮೇಲೆ ರಾತ್ರಿಯೆಲ್ಲ ಕದಲಿಸದೆ ಬಿಡಬೇಕೆಂಬುದನ್ನು ಕೊಲ್ಹಾರದ ತಾಯಂದಿರು ಬಲ್ಲರು. ಆ ತಾಳ್ಮೆಯು ಓದಿನಲ್ಲಿಯೂ ಬೇಕು.

ಮಗುವು ಹಲಗೆಯ ಮೇಲಿನ ಅಕ್ಷರಗಳನ್ನು ತಪ್ಪಾಗಿ ಬರೆದುಕೊಳ್ಳುತ್ತಿದ್ದರೆ, ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿಯುತ್ತಿದ್ದರೆ, ಅದು ದಡ್ಡತನವಾಗಿರದೆ ದೃಷ್ಟಿದೋಷವಾಗಿರಬಹುದು. ಅಂತಹ ಮಗುವನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದು ಕಣ್ಣನ್ನು ಪರೀಕ್ಷೆ ಮಾಡಿಸಿರಿ. ಒಂದು ಕನ್ನಡಕದಿಂದ ಹಿಂದಿನ ಸಾಲಿನ ಮಗುವು ಮುಂದೆ ಬಂದ ಉದಾಹರಣೆಗಳು ಶಾಲೆಯ ಗುರುಗಳೆಲ್ಲರಿಗೂ ಗೊತ್ತು. ಮಗುವಿನ ಕಣ್ಣಿಗೆ ಪಟ್ಟಿಯನ್ನು ಕಟ್ಟಿಸಲು ಹೊರಟ ತಾಯಿತಂದೆಗಳು ಅದಕ್ಕೆ ಮೊದಲು ಈ ಕೆಲಸವನ್ನು ಮಾಡಲೆಂದು ನಮ್ಮ ವಿಜ್ಞಾಪನೆ.