ಕಲ್ಲಿನ ಬಸವ, ಕವರು ತಿನ್ನುವ ಹಸು

ಈಜಿಪ್ಟಿನ ಪಾಠ ಬಂದಾಗಲೆಲ್ಲ ನನ್ನ ತರಗತಿಯಲ್ಲಿ ನಗು ಏಳುತ್ತದೆ. ಅಲ್ಲಿಯವರು ಹೋರಿಯನ್ನು ದೇವರೆಂದು ಪೂಜಿಸುತ್ತಿದ್ದರು ಎಂದರೆ ಸಾಕು, "ಎಂಥಾ ಜನ ಮಿಸ್!" ಎಂದು ಹಿಂದಿನ ಬೆಂಚಿನಿಂದ ಮಾತು ಬರುತ್ತದೆ. ಕಿಟಕಿಯಾಚೆಗೆ ಕೈ ತೋರಿಸಿ, "ಆ ಬೆಟ್ಟದಲ್ಲಿ ಕೂತಿರುವವನು ಯಾರಪ್ಪಾ?" ಎಂದು ಕೇಳುತ್ತೇನೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಯಾರೋ ಮೆಲ್ಲಗೆ "ಬಸವಣ್ಣ" ಎನ್ನುತ್ತಾರೆ.

ನಗುವ ಮೊದಲು ಅವರು ಮಾಡಿದ್ದೇನು ನೋಡಿ. ಮೆಂಫಿಸ್ ನಗರದಲ್ಲಿ ಪ್ತಾ ದೇವರ ಗುಡಿಯ ಬಳಿ ಏಪಿಸ್ ಎಂಬ ಹೋರಿ ಇರುತ್ತಿತ್ತು. ಮೈ ಕಪ್ಪು, ಹಣೆಯಲ್ಲಿ ಬಿಳಿಯ ಗುರುತು. ಒಂದು ಕಾಲಕ್ಕೆ ಒಂದೇ ಏಪಿಸ್. ಅದಕ್ಕೆ ಒಳ್ಳೆಯ ಕೊಟ್ಟಿಗೆ, ಮೇವು, ಸೇವೆಗೆ ಆಳುಗಳು. ಹೆತ್ತ ಹಸುವಿಗೂ ಮರ್ಯಾದೆ. ಸತ್ತರೆ ಅರಸರಂತೆ ಶವಸಂಸ್ಕಾರ. 1851ರಲ್ಲಿ ಮರಿಯೆಟ್ ಎಂಬ ಫ್ರೆಂಚ್ ವಿದ್ವಾಂಸ ಸಖಾರಾದ ಮರಳಿನಡಿಯ ಸುರಂಗಗಳನ್ನು ಹೊಕ್ಕಾಗ, ಈ ಹೋರಿಗಳಿಗೆಂದೇ ಕಡೆದ ಹತ್ತಾರು ಟನ್ ತೂಕದ ಕಲ್ಲಿನ ಪೆಟ್ಟಿಗೆಗಳು ಸಿಕ್ಕವು. ಉಳಿದ ದನಗಳು ನೊಗಕ್ಕೂ ಅಡುಗೆಗೂ ಹೋಗುತ್ತಿದ್ದವು, ಅದೂ ನಿಜ. ಅವರು ಒಂದೇ ಹೋರಿಯನ್ನು ದೇವರೆಂದರು, ಆ ಒಂದನ್ನಾದರೂ ಚೆನ್ನಾಗಿ ಸಾಕಿದರು.

ನಾವು ಹಾಗಲ್ಲ. ನಮಗೆ ಎಲ್ಲ ಹಸುವೂ ದೇವರೇ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಹದಿನೇಳನೆಯ ಶತಮಾನದಲ್ಲಿ, ಒಂದೇ ಬಂಡೆಯಲ್ಲಿ ಕಡೆಸಿದ ನಂದಿಗೆ ಸುಮಾರು 16 ಅಡಿ ಎತ್ತರ. ಕೊರಳ ಗಂಟೆಯ ಸರವೂ ಕಲ್ಲಿನದೇ. ಮೆಟ್ಟಿಲು ಹತ್ತಿ ಏದುಸಿರು ಬಿಡುವವರು ಅಲ್ಲಿ ನಿಂತು ಕೈಮುಗಿಯುತ್ತಾರೆ, ನಾನೂ ಮುಗಿಯುತ್ತೇನೆ. ಕಾರ್ತಿಕದಲ್ಲಿ ಅವನಿಗೆ ಹಾಲು, ಮೊಸರು, ತುಪ್ಪದ ಅಭಿಷೇಕ. ಹೋದ ಸಲ ಅದನ್ನು ನೋಡಿಕೊಂಡು ಮನೆಗೆ ಬಂದರೆ, ನಮ್ಮ ಬೀದಿಯ ತಿರುವಿನಲ್ಲಿ ಒಂದು ಹಸು ಅನ್ನ ತುಂಬಿ ಗಂಟು ಹಾಕಿದ ಕವರನ್ನು ಕವರಿನ ಸಮೇತ ನುಂಗುತ್ತಿತ್ತು. ಬೀಡಾಡಿ ದನವಲ್ಲ ಅದು. ಬೆಳಿಗ್ಗೆ ಹಾಲು ಕರೆದುಕೊಂಡು ಬಿಟ್ಟ ಒಡೆಯನಿದ್ದಾನೆ. ಕವರು ಎಸೆದವರೂ ನಮ್ಮಂಥವರೇ, ಶುಕ್ರವಾರ ತಪ್ಪದೆ ಪೂಜೆ ಮಾಡುವವರು. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧವಾಯಿತು. ಹಸುವಿನ ಹೊಟ್ಟೆಗೆ ಅದು ಗೊತ್ತಿಲ್ಲ.

"ಏನು ಮಾಡೋದು ಟೀಚರ್, ಮೇಯಿಸೋಕೆ ಜಾಗ ಎಲ್ಲಿದೆ?" ಎಂದು ಹಾಲಿನವನು ಕೇಳಿದ. ನ್ಯಾಯವಾದ ಪ್ರಶ್ನೆ. ಜಾಗ ಇತ್ತಪ್ಪ. ಒಡೆಯರ ಕಾಲದ ಬೆಣ್ಣೆ ಚಾವಡಿಗೆ, ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ ಆ ಇಲಾಖೆಗೆ, ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ಸೀಮೆಗಳಲ್ಲಿ ಕಾವಲುಗಳಿದ್ದವು. ಮಳೆಗಾಲಕ್ಕೊಂದು, ಚಳಿಗೊಂದು, ಬೇಸಿಗೆಗೊಂದು ಎಂದು ಹುಲ್ಲುಗಾವಲನ್ನು ಹಂಚಿ, ಮಂದೆಯನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಫಿರಂಗಿ ಎಳೆದ ಎತ್ತುಗಳು ಆ ಹುಲ್ಲು ತಿಂದು ಬೆಳೆದವು. ಆ ಕಾವಲುಗಳು ಒತ್ತುವರಿಯಲ್ಲಿ, ಮಂಜೂರಾತಿಯಲ್ಲಿ ಕರಗಿದವು. ಚಳ್ಳಕೆರೆಯ ಕಡೆ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಅದೂ ದೇಶದ ಕೆಲಸವೇ ಇರಬಹುದು. ಆದರೆ ಗೋವಿನ ಹೆಸರಿನಲ್ಲಿ ಬೀದಿಗಿಳಿಯುವ ನಮ್ಮಲ್ಲಿ ಎಷ್ಟು ಜನ ಹುಲ್ಲಿನ ಹೆಸರಿನಲ್ಲಿ ಬಾಯಿ ತೆರೆದೆವು?

ಸಂಕ್ರಾಂತಿಗೆ ಸಿದ್ದಲಿಂಗಪುರದಲ್ಲಿ ಕಿಚ್ಚು ಹಾಯಿಸುವುದನ್ನು ನೋಡಲು ನಾವೆಲ್ಲ ಹೋಗುತ್ತೇವೆ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದ ಆ ರಾಸುಗಳನ್ನು ವರ್ಷವಿಡೀ ಸಾಕಿದ ರೈತನ ಪೂಜೆಗೆ ಅರ್ಥವಿದೆ. ಅವನು ಮೊದಲು ಮೇವು ಹಾಕಿದ, ಆಮೇಲೆ ಆರತಿ ಎತ್ತಿದ. ನಾವು ಪಟ್ಟಣದವರು ಆರತಿಯನ್ನಷ್ಟೇ ಉಳಿಸಿಕೊಂಡಿದ್ದೇವೆ.

ಬೆಟ್ಟದ ಬಸವನಿಗೆ ಹಸಿವಿಲ್ಲ, ಅವನು ಕಾಯುತ್ತಾನೆ. ಇಂದು ಸಂಜೆ ಉಳಿದ ಅನ್ನವನ್ನು ಕವರಿಗೆ ತುಂಬುವ ಮುಂಚೆ, ಅಮ್ಮಂದಿರೇ, ಒಂದು ಗಳಿಗೆ ನಿಲ್ಲಿ.