ಅತಿಥಿ ಯಾರು, ಶತ್ರು ಯಾರು?

ನಾವು ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಒಮ್ಮೆ ಮಕ್ಕಳನ್ನು ವನಭೋಜನಕ್ಕೆ ಕರೆದೊಯ್ದಿದ್ದೆವು. ಒಬ್ಬ ಹುಡುಗನು ಕಡಲೆಕಾಯಿಯನ್ನು ಒಲ್ಲೆನೆಂದನು. ಹಟವೆಂದು ಬಗೆದು ಗದರಿಸಿ ತಿನ್ನಿಸಿದೆವು. ಸ್ವಲ್ಪ ಹೊತ್ತಿನಲ್ಲಿಯೇ ಅವನ ತುಟಿ ಬಾತು, ಮೈಯೆಲ್ಲ ದದ್ದುಗಳೆದ್ದುವು. ವೈದ್ಯರ ದಯೆಯಿಂದ ಹುಡುಗನು ಉಳಿದನು. ತಪ್ಪು ನಮ್ಮದಾಗಿ ಉಳಿಯಿತು.

ಕಡಲೆಕಾಯಿಯು ದೇಹಕ್ಕೆ ಅನ್ಯವಸ್ತುವೆಂಬುದು ದಿಟ. ಆದರೆ ನಾವು ದಿನವೂ ಉಣ್ಣುವ ಅನ್ನ, ಬೇಳೆ, ಹಾಲುಗಳೂ ಅನ್ಯವೇ ಅಲ್ಲವೇ? ಹೊರಗಿನಿಂದ ಬಂದುದೆಲ್ಲವೂ ಶತ್ರುವೆಂದರೆ ದೇಹವು ಬಾಳುವುದೆಂತು? ಕೊಲ್ಲುವುದರಂತೆ ಸಹಿಸುವುದೂ ಅದರ ಒಂದು ಕಾರ್ಯವೆಂದು ತಿಳಿಯತಕ್ಕದ್ದು.

1882ರಲ್ಲಿ ಇಟಲಿಯ ಮೆಸ್ಸೀನದಲ್ಲಿ ರಷ್ಯದ ಪಂಡಿತ ಮೆಚ್ನಿಕಾಫರು ನಕ್ಷತ್ರಮೀನಿನ ಎಳೆಮರಿಗೆ ಮುಳ್ಳನ್ನು ಚುಚ್ಚಿದರು. ಮರುದಿನ ನೋಡಿದರೆ ಅಲೆಯುವ ಜೀವಕಣಗಳು ಅದನ್ನು ಮುತ್ತಿಕೊಂಡಿದ್ದುವು. ನಮ್ಮ ಮೈಯಲ್ಲಿಯೂ ಇಂಥ ಕಾವಲುಗಾರರುಂಟು. ಇವುಗಳಲ್ಲಿ ದೊಡ್ಡವಕ್ಕೆ ಮ್ಯಾಕ್ರೊಫೇಜ್ ಎಂದು ಹೆಸರು. ಗ್ರೀಕ್ ಮೂಲದ ಈ ಪದಕ್ಕೆ ಮಹಾಭಕ್ಷಕವೆಂದರ್ಥ. ಇವಕ್ಕೆ ಕಣ್ಣಿಲ್ಲ, ಮೈಮೇಲಿನ ಅಣುಗಳಿಂದ ಮುಟ್ಟಿ ತಿಳಿಯುತ್ತವೆ.

ಮೊದಲು ತನ್ನವರ ಮಾತು. ಕೆಂಪು ರಕ್ತಕಣಗಳ ಮೇಲೆ ಸಿ.ಡಿ. 47 ಎಂಬ ಅಣುವಿದೆ. ಭಕ್ಷಕದ ಮೇಲಿರುವ ಸರ್ಪ್-ಆಲ್ಫಾ ಎಂಬ ಅಣುವು ಅದನ್ನು ಮುಟ್ಟಿದೊಡನೆ 'ತಿನ್ನಬೇಡ' ಎಂಬ ಸೂಚನೆಯು ಒಳಗೆ ಹೋಗುವುದು. ಈ ಗುರುತಿಲ್ಲದ ರಕ್ತಕಣಗಳನ್ನು ಇಲಿಗಳ ಮೈಗೆ ಸೇರಿಸಿದಾಗ ಗುಲ್ಮದ ಭಕ್ಷಕಗಳು ಅವನ್ನು ಬೇಗನೆ ನುಂಗಿದುವೆಂದು 2000ದಲ್ಲಿ ಪ್ರಕಟವಾಯಿತು. ಅರ್ಬುದರೋಗದ ಕಣಗಳು ಇದೇ ಮುದ್ರೆಯನ್ನು ಹೆಚ್ಚಾಗಿ ಧರಿಸಿ ಕಾವಲುಗಾರನನ್ನು ವಂಚಿಸುವುದೂ ಉಂಟು.

ಇನ್ನು ಅನ್ಯವಾದ ಅನ್ನದ ಮಾತು. ಇಲಿಗಳಿಗೆ ಒಂದು ಪ್ರೋಟೀನನ್ನು ಸ್ವಲ್ಪಸ್ವಲ್ಪವಾಗಿ ಉಣಿಸಿದರೆ, ಅದರ ಮೇಲಿನ ಹಗೆಯನ್ನು ತಡೆಯುವ ಬಿಳಿಯ ರಕ್ತಕಣಗಳು ಸಿದ್ಧವಾಗುವುವು. ಭಕ್ಷಕದ ಮೇಲಿನ ಎಫ್ 4/80 ಎಂಬ ಅಣುವಿಲ್ಲದ ಇಲಿಗಳಲ್ಲಿ ಅಂಥ ಕಣಗಳು ಸಿದ್ಧವಾಗಲಿಲ್ಲ, ಸಹನೆಯೂ ಮೂಡಲಿಲ್ಲ. ಇದು 2005ರಲ್ಲಿ ಪ್ರಕಟವಾದ ಶೋಧನೆ. ಇಲಿಯ ಈ ಅಣುವಿನ ಕಥೆಯನ್ನು ಹಾಗೆಯೇ ಮನುಷ್ಯನಿಗೆ ಹೇಳಲಾಗದು. ಆದರೂ ಸಹನೆಯೆಂಬುದು ತಾನಾಗಿ ಇರುವುದಲ್ಲ, ದೇಹವು ಕಲಿತು ಕಾಪಾಡಿಕೊಳ್ಳುವುದೆಂಬ ತತ್ತ್ವವು ಸ್ಪಷ್ಟವಾಗಿದೆ.

ಆ ಪಾಠವು ಕೆಟ್ಟ ಮೈಗೆ ಅನ್ನವೇ ಶತ್ರುವಾಗುವುದು. ಸ್ವಲ್ಪಸ್ವಲ್ಪವಾಗಿ ತಿನ್ನಿಸಿ ರೂಢಿ ಮಾಡಿಸುವೆವೆಂದು ಮನೆಯಲ್ಲಿ ಯಾರೂ ಹೊರಡಬಾರದು. ಅದು ತಜ್ಞ ವೈದ್ಯರ ಕಣ್ಣೆದುರಿನಲ್ಲಿ ನಡೆಯತಕ್ಕ ಚಿಕಿತ್ಸೆ. ತಿಂದೊಡನೆ ಮುಖ ಬಾತರೆ, ಉಸಿರು ಕಟ್ಟಿದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಮಗುವು ಒಲ್ಲೆನೆಂದರೆ ಏಕೆಂದು ಮೊದಲು ಕೇಳಿರಿ. ನಾವು ಅಂದು ಕೇಳಲಿಲ್ಲ.